ಕ್ಯಾಂಕಮಾಗಸ್ ದಾರಿಯಲ್ಲಿ: ಎಲೆಗಳ ಬಣ್ಣ, ಎತ್ತುಗಳ ಜಾತ್ರೆ ಮತ್ತು ಮೂಸ್

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಬಾಸ್ಟನ್ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಿ ಎರಡು ಸಡಗರ ಒಟ್ಟಿಗೇ ಶುರುವಾಗುತ್ತವೆ. ಒಂದು, ದಸರಾ ಗೊಂಬೆಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವುದು. ಇನ್ನೊಂದು, ‘ಫಾಲ್ ಕಲರ್ಸ್’ ನೋಡಲು ಯಾವ ಶನಿವಾರ ಹೊರಡಬೇಕೆಂಬ ಚರ್ಚೆ. ಊರಿನಿಂದ ಬಂದಿದ್ದ ಅಪ್ಪ ನಮ್ಮ ಚರ್ಚೆ ಕೇಳಿ ನಕ್ಕರು. “ಎಲೆ ಉದುರುವುದನ್ನು ನೋಡೋಕೆ ಇಷ್ಟು ದೂರ ಹೋಗಬೇಕೇನಪ್ಪಾ? ನಮ್ಮ ಹಿತ್ತಲಲ್ಲೇ ದಿನಾ ಗುಡಿಸುತ್ತಿದ್ದೆನಲ್ಲ!” ಆದರೂ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೊರಟೆವು.

ಹೋಗಿದ್ದು ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್ ಕಡೆಗೆ. ಬಾಸ್ಟನ್ನಿನಿಂದ ಐ-93 ಹಿಡಿದು ಎರಡೂವರೆ ಗಂಟೆಯೊಳಗೆ ಲಿಂಕನ್ ಊರು ಸೇರಬಹುದು. ಅಲ್ಲಿಂದ ಕಾನ್ವೇವರೆಗಿನ ಸುಮಾರು 34 ಮೈಲಿಯ ರಸ್ತೆಯೇ ಹೆಸರಾಂತ ಕ್ಯಾಂಕಮಾಗಸ್ ಹೆದ್ದಾರಿ. ಪೆನ್ನಕುಕ್ ಮೂಲನಿವಾಸಿಗಳ ನಾಯಕನೊಬ್ಬನ ಹೆಸರು ಅದಕ್ಕಿದೆ. 1959ರಲ್ಲಿ ಪೂರ್ತಿ ತೆರೆದ ಈ ದಾರಿ 2,855 ಅಡಿಯವರೆಗೆ ಏರಿ ಇಳಿಯುತ್ತದೆ. ನಡುವೆ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಇಲ್ಲ, ಬಹುಪಾಲು ಮೊಬೈಲ್ ಸಿಗ್ನಲ್ಲೂ ಇಲ್ಲ. ಲಿಂಕನ್ನಿನಲ್ಲೇ ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಸ್ಯಾಬಡೇ ಜಲಪಾತ, ರಾಕಿ ಗಾರ್ಜ್, ಆಲ್ಬನಿಯ ಮುಚ್ಚಿದ ಮರದ ಸೇತುವೆ ಮೂರೂ ಈ ದಾರಿಯಲ್ಲೇ ಸಿಗುತ್ತವೆ. ವಯಸ್ಸಾದವರಿಗೂ ಹೆಚ್ಚು ನಡೆಯುವ ಕಷ್ಟವಿಲ್ಲ.

ಇಷ್ಟಕ್ಕೂ ಎಲೆ ಕೆಂಪಾಗುವುದೇಕೆ? ಬೇಸಿಗೆಯಿಡೀ ಎಲೆಯಲ್ಲಿ ಹಸಿರು ಕ್ಲೋರೋಫಿಲ್ ತುಂಬಿರುತ್ತದೆ. ಹಗಲು ಚಿಕ್ಕದಾಗಿ ಚಳಿ ಹೆಚ್ಚಿದಂತೆ ಮರ ಅದನ್ನು ಒಡೆದು, ಅದರಲ್ಲಿನ ಸಾರವನ್ನು ಕೊಂಬೆಗಳಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಗ ಎಲೆಯಲ್ಲಿ ಮೊದಲಿನಿಂದಲೂ ಅಡಗಿದ್ದ ಹಳದಿ, ಕಿತ್ತಳೆ ಬಣ್ಣಗಳು ಹೊರಗೆ ಕಾಣುತ್ತವೆ. ಬರ್ಚ್ ಮರದ ಹಳದಿ ಇಂಥದ್ದು. ಮೇಪಲ್‌ನ ಕೆಂಪಿನ ಕಥೆಯೇ ಬೇರೆ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಮರ ಆಂಥೋಸಯನಿನ್ ಎಂಬ ಬಣ್ಣವನ್ನು ಹೊಸದಾಗಿ ತಯಾರಿಸುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಚೆನ್ನಾಗಿ ಏರುತ್ತದೆ. ಬಿರುಮಳೆ, ಗಾಳಿ ಬಂದರೆ ಒಂದೆರಡು ದಿನದಲ್ಲಿ ಎಲ್ಲಾ ನೆಲದ ಪಾಲು.

ನೇರಳೆ ಹಣ್ಣಿಗೆ ಬಣ್ಣ ಕೊಡುವುದೂ ಇದೇ ಆಂಥೋಸಯನಿನ್ ಗುಂಪು. ಯುಗಾದಿಯ ಹೊತ್ತಿಗೆ ಮಾವಿನ ಚಿಗುರು ತಾಮ್ರಗೆಂಪಾಗಿರುತ್ತದಲ್ಲ, ಅದಕ್ಕೂ ಇದೇ ಕಾರಣ! ನಮ್ಮಲ್ಲಿ ಹುಟ್ಟುವ ಎಲೆ ಕೆಂಪು, ಇಲ್ಲಿ ಹೋಗುವ ಎಲೆ ಕೆಂಪು. ಬಂಡೀಪುರದ ತೇಗದ ಮರಗಳೂ ಎಲೆ ಉದುರಿಸುತ್ತವೆ, ಆದರೆ ಅದು ಬೇಸಿಗೆಯಲ್ಲಿ ನೀರು ಸಾಲದೆ. ಇಲ್ಲಿ ಚಳಿಗಾಲದಲ್ಲಿ ನೆಲದ ನೀರೇ ಹೆಪ್ಪುಗಟ್ಟುವುದರಿಂದ ಮರಗಳು ಮೊದಲೇ ಗಂಟುಮೂಟೆ ಕಟ್ಟುತ್ತವೆ. ಇದನ್ನೆಲ್ಲ ಹೇಳಿದಾಗ ಅಪ್ಪ ಒಂದು ಮೇಪಲ್ ಎಲೆ ಎತ್ತಿ ಪುಸ್ತಕದೊಳಗೆ ಇಟ್ಟುಕೊಂಡರು.

ಇಲ್ಲಿನ ಮೌಂಟ್ ವಾಷಿಂಗ್ಟನ್ 6,288 ಅಡಿ, ಅಂದರೆ 1,917 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಎತ್ತರದಲ್ಲಿ ನಾವೇ ಮುಂದೆ! ಆದರೆ 1934ರಲ್ಲಿ ಈ ತುದಿಯಲ್ಲಿ ಗಾಳಿ ಗಂಟೆಗೆ 231 ಮೈಲಿ ವೇಗದಲ್ಲಿ ಬೀಸಿದ್ದು ದಾಖಲಾಗಿದೆ. ಕೆಳಗೆ ಬಿಸಿಲಿದ್ದರೂ ಮೇಲೆ ಹೋಗುವವರು ದಪ್ಪ ಜಾಕೆಟ್ ಮರೆಯಬಾರದು. 1869ರಿಂದ ಓಡುತ್ತಿರುವ ಹಲ್ಲುಗಾಲಿ ರೈಲು ಮಕ್ಕಳಿಗೆ ಬಲು ಇಷ್ಟವಾಗುತ್ತದೆ.

ಕಾನ್ವೇಯಿಂದ ಸ್ವಲ್ಪವೇ ಮುಂದೆ, ಮೇನ್ ರಾಜ್ಯದ ಗಡಿ ದಾಟಿದರೆ ಫ್ರೈಬರ್ಗ್. 1851ರಲ್ಲಿ ಶುರುವಾದ ಇಲ್ಲಿನ ಕೃಷಿ ಜಾತ್ರೆ ಅಕ್ಟೋಬರ್ ಮೊದಲ ವಾರದ ಆಸುಪಾಸಿನಲ್ಲಿ ನಡೆಯುತ್ತದೆ. ದೈತ್ಯ ಕುಂಬಳಕಾಯಿಗಳು, ಕುರಿ, ದನ, ಕುದುರೆಗಳು ಎಲ್ಲಾ ಇದ್ದರೂ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಜೋಡೆತ್ತುಗಳು ಭಾರ ಎಳೆಯುವ ಸ್ಪರ್ಧೆ. ಉತ್ತರ ಕರ್ನಾಟಕದ ಜಾತ್ರೆಗಳ ಕಲ್ಲು ಎಳೆಯುವ ಸ್ಪರ್ಧೆ ನೆನಪಾಯಿತು. ಎಲೆ ನೋಡಲು ಬರಲೊಲ್ಲೆ ಎಂದಿದ್ದ ಅಪ್ಪ ಇಲ್ಲಿಂದ ಏಳಲೊಲ್ಲೆ ಎಂದರು!

ಅಲ್ಲೇ ಆಯಿತು ತಡ. ಕತ್ತಲಾದ ಮೇಲೆ ಕಾಡಿನ ರಸ್ತೆಯಲ್ಲಿ ವಾಪಸಾಗುತ್ತಿದ್ದೆವು. ಮಕ್ಕಳು ಹಿಂದೆ ನಿದ್ದೆ ಹೋಗಿದ್ದರು. ಇದ್ದಕ್ಕಿದ್ದಂತೆ ಹೆಡ್‌ಲೈಟಿನಲ್ಲಿ ನಾಲ್ಕು ಉದ್ದ ಕಾಲುಗಳು ಕಂಡವು, ಅಷ್ಟೇ. ಮೇಲಿನ ಮೈ ಕಾಣಲೇ ಇಲ್ಲ. ಬ್ರೇಕ್ ಒತ್ತಿ ನಿಂತಾಗ ನಡುವೆ ಹೆಚ್ಚೆಂದರೆ ಎರಡು ಕಾರಿನಷ್ಟು ಜಾಗವಿತ್ತು. ಮೂಸ್ ನಿಧಾನವಾಗಿ ನಮ್ಮತ್ತ ತಿರುಗಿ ನೋಡಿ ಕಾಡು ಸೇರಿತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಮೂಸ್ ನಮ್ಮ ಕಡವೆಯ ಕುಲದ್ದೇ, ಆದರೆ ಭುಜವೇ ಆರಡಿ ಎತ್ತರ, ಗಂಡು 450 ಕಿಲೋ ಮೀರುವುದುಂಟು. ಕಾರು ಗುದ್ದಿದರೆ ಕಾಲು ಮುರಿದು, ಮೈಭಾರವೆಲ್ಲ ವಿಂಡ್‌ಶೀಲ್ಡ್ ಮೇಲೆ ಬೀಳುತ್ತದೆ. ಅದರ ಕಣ್ಣು ಹೆಡ್‌ಲೈಟಿನ ಬೆಳಕಿಗಿಂತ ಮೇಲಿರುವುದರಿಂದ ಜಿಂಕೆಯ ಕಣ್ಣಿನಂತೆ ಹೊಳೆಯುವುದು ಕಡಿಮೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಅವುಗಳ ಬೆದೆಯ ಕಾಲ. ಅಂದರೆ ನಾವು ಎಲೆ ನೋಡಲು ಹೋಗುವ ಕಾಲವೇ! ಮುಸ್ಸಂಜೆ, ರಾತ್ರಿ, ಮುಂಜಾವಿನಲ್ಲಿ ವೇಗ ಕಡಿಮೆ ಇರಲಿ. ಹಗಲಲ್ಲಿ ಕಂಡರೆ ಫೋಟೋಕ್ಕೆಂದು ಹತ್ತಿರ ಹೋಗದೆ ಕಾರಿನಿಂದಲೇ ನೋಡಿ.

ಅದಕ್ಕೂ ಅದರದೇ ಕಷ್ಟವಿದೆ. ಶರತ್ಕಾಲ ಬೆಚ್ಚಗಾಗಿ ಹಿಮ ತಡವಾದಷ್ಟೂ ಚಳಿಗಾಲದ ಉಣ್ಣೆಗಳಿಗೆ ಅದರ ಮೈಯೇರಲು ಹೆಚ್ಚು ದಿನ ಸಿಗುತ್ತದೆ. ಒಂದೇ ಮೂಸ್ ಮೈಮೇಲೆ ಹತ್ತಾರು ಸಾವಿರ ಉಣ್ಣೆಗಳಿರುವುದುಂಟು. ರಕ್ತ ಕಳೆದುಕೊಂಡ ಮರಿಗಳು ಚಳಿಗಾಲದ ಕೊನೆಗೆ ಸಾಯುತ್ತವೆ.

ಹೊರಡುವವರಿಗೆ ಕೆಲವು ಮಾತು:

- ಕ್ಯಾಂಕಮಾಗಸ್‌ನಲ್ಲಿ ಬಣ್ಣ ಸಾಮಾನ್ಯವಾಗಿ ಅಕ್ಟೋಬರ್ ಮೊದಲೆರಡು ವಾರ ಚೆನ್ನ. ಅದು ತಪ್ಪಿದರೆ ಬೇಸರ ಬೇಡ, ಬಾಸ್ಟನ್ ಸುತ್ತ ಬಣ್ಣ ಬರುವುದು ತಿಂಗಳ ಕೊನೆಯ ಹೊತ್ತಿಗೆ.
- ಕೊಲಂಬಸ್ ಡೇ ವಾರಾಂತ್ಯದಲ್ಲಿ ವಿಪರೀತ ವಾಹನ ದಟ್ಟಣೆ. ವಾರದ ನಡುವೆ ರಜೆ ಸಿಕ್ಕರೆ ಉತ್ತಮ.
- ಸೆಪ್ಟೆಂಬರ್ ನಡುವೆಯೇ ಹೋಗುವವರು ಮ್ಯಾಸಚೂಸೆಟ್ಸಿನ ವಚೂಸೆಟ್ ಬೆಟ್ಟದಲ್ಲಿ ನಿಲ್ಲಿ. ದಕ್ಷಿಣ ಅಮೆರಿಕದತ್ತ ವಲಸೆ ಹೊರಟ ಗಿಡುಗಗಳು ಬಿಸಿಗಾಳಿಯಲ್ಲಿ ಸುತ್ತುತ್ತಾ ಮೇಲೇರುವುದನ್ನು ನೋಡಬಹುದು.
- ಅಕ್ಟೋಬರ್‌ನಲ್ಲಿ ಸಂಜೆ ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಜಾತ್ರೆ ಎಷ್ಟೇ ಚೆನ್ನಾಗಿರಲಿ, ಕಾಡಿನ ರಸ್ತೆಯನ್ನು ಬೆಳಕಿರುವಾಗಲೇ ದಾಟಿ.

ಹೋಗಿ ಬನ್ನಿ, ಹಿರಿಯರನ್ನೂ ಕರೆದೊಯ್ಯಿರಿ. ಊರಿಗೆ ಮರಳಿದ ಅಪ್ಪ ಈಗ ಬಂದವರಿಗೆಲ್ಲ ಆ ಮೇಪಲ್ ಎಲೆ ತೋರಿಸುತ್ತಾರಂತೆ. ಜೊತೆಗೆ ಎತ್ತುಗಳ ಕಥೆ ಉಚಿತ!