ಏಕ ಪ್ರವೇಶ ವ್ಯವಸ್ಥೆ: ಯಾವ ದೃಢೀಕರಣ ವಿಧಾನ ಸೂಕ್ತ?

ಮಧ್ಯಮ ಗಾತ್ರದ ಉದ್ದಿಮೆಗಳಲ್ಲಿಯೂ ಇಂದು ಇ-ಮೇಲ್, ಲೆಕ್ಕಪತ್ರ, ದಾಸ್ತಾನು, ವೇತನ ಹೀಗೆ ಹಲವು ತಂತ್ರಾಂಶಗಳು ಬಳಕೆಯಲ್ಲಿವೆ. ಪ್ರತಿಯೊಂದಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಇದ್ದಲ್ಲಿ, ಕೆಲಸ ಬಿಟ್ಟವರ ಖಾತೆ ಯಾವುದಾದರೊಂದು ಕಡೆ ತೆರೆದೇ ಉಳಿಯುವ ಸಂಭವವಿರುತ್ತದೆ. ಇದಕ್ಕೆ ಪರಿಹಾರವೇ ‘ಸಿಂಗಲ್ ಸೈನ್ ಆನ್’, ಅಂದರೆ ಏಕ ಪ್ರವೇಶ ವ್ಯವಸ್ಥೆ. ನೌಕರರ ಗುರುತನ್ನು ಒಂದೇ ಸರ್ವರ್ ಪರಿಶೀಲಿಸಿ, ಸ್ಯಾಮ್ಲ್ (2005ರ ಎರಡನೆಯ ಆವೃತ್ತಿ) ಅಥವಾ ಓಪನ್‌ಐಡಿ ಕನೆಕ್ಟ್ (2014) ಮಾನಕದ ಮೂಲಕ ಉಳಿದ ತಂತ್ರಾಂಶಗಳಿಗೆ ಖಾತರಿ ನೀಡುತ್ತದೆ. ಕೀಕ್ಲೋಕ್, ಆಥೆಂಟಿಕ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಸಂಸ್ಥೆಯ ಸ್ವಂತ ಸರ್ವರ್‌ನಲ್ಲಿಯೇ ಅಳವಡಿಸಬಹುದು.

ಎಲ್ಲ ಕೋಣೆಗಳಿಗೂ ಬಾಗಿಲು ಒಂದೇ ಆದಾಗ, ಆ ಬಾಗಿಲಿಗೆ ಹಾಕುವ ಬೀಗ ಯಾವುದೆಂಬುದೇ ನಿರ್ಣಾಯಕವಾಗುತ್ತದೆ. ಪಾಸ್‌ವರ್ಡ್ ಒಂದನ್ನೇ ನಂಬಿದರೆ, ಅದು ಕಳವಾದಾಗ ಎಲ್ಲ ತಂತ್ರಾಂಶಗಳೂ ಒಮ್ಮೆಗೇ ಪರರ ವಶವಾಗುತ್ತವೆ. ಇ-ವೇ ಬಿಲ್ ಹಾಗೂ ಇ-ಇನ್‌ವಾಯ್ಸ್ ವ್ಯವಸ್ಥೆಗಳಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲ ಬಳಕೆದಾರರಿಗೂ ಎರಡನೆಯ ಹಂತದ ದೃಢೀಕರಣ ಕಡ್ಡಾಯವಾಗಿರುವುದನ್ನು ವರ್ತಕರು ಬಲ್ಲರು. ಸ್ವಂತ ವ್ಯವಸ್ಥೆಯಲ್ಲಿ ಈ ಎರಡನೆಯ ಹಂತಕ್ಕೆ ಮುಖ್ಯವಾಗಿ ಮೂರು ಆಯ್ಕೆಗಳಿವೆ.

1. ಎಸ್‌ಎಂಎಸ್ ಒಟಿಪಿ: ನೌಕರರಿಗೆ ಪರಿಚಿತ ವಿಧಾನ. ಆದರೆ ಸಂಸ್ಥೆಯು ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ವೇದಿಕೆಯಲ್ಲಿ ನೋಂದಾಯಿಸಿ, ಸಂದೇಶದ ಮಾದರಿಗೆ ಅನುಮೋದನೆ ಪಡೆಯಬೇಕು. ಪ್ರತಿ ಸಂದೇಶಕ್ಕೂ ವೆಚ್ಚವಿದೆ. ವಂಚಕರು ನಕಲಿ ಸಿಮ್ ಪಡೆದರೆ ಒಟಿಪಿ ಅವರಿಗೇ ತಲುಪುತ್ತದೆ.

2. ಆ್ಯಪ್ ಮೂಲಕ ಒಟಿಪಿ: ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಗಳನ್ನು ಮೊಬೈಲ್ ತಾನೇ ಲೆಕ್ಕಹಾಕುತ್ತದೆ. ವೆಚ್ಚವಿಲ್ಲ, ಸಿಗ್ನಲ್ ಇಲ್ಲದ ಗೋದಾಮಿನಲ್ಲಿಯೂ ಅಂಕಿಗಳು ದೊರೆಯುತ್ತವೆ. ಸರ್ವರ್‌ನ ಗಡಿಯಾರ ಮಾತ್ರ ಸರಿಯಾಗಿರಬೇಕು. ಆದರೆ ನಕಲಿ ಪುಟದಲ್ಲಿ ನೌಕರರು ಅಂಕಿಗಳನ್ನು ನಮೂದಿಸಿದರೆ, ವಂಚಕರು ಆ ಕ್ಷಣವೇ ಅವನ್ನು ಅಸಲಿ ಪುಟದಲ್ಲಿ ಬಳಸಬಲ್ಲರು.

3. ಪಾಸ್‌ಕೀ ಹಾಗೂ ಭದ್ರತಾ ಕೀಲಿ: 2019ರಲ್ಲಿ ಅಂಗೀಕೃತವಾದ ವೆಬ್‌ಆಥನ್ ಮಾನಕವನ್ನು ಇವು ಆಧರಿಸಿವೆ. ಕೀಲಿಯು ನೋಂದಾಯಿಸಿದ ಡೊಮೇನ್‌ಗೆ ಮಾತ್ರ ಉತ್ತರಿಸುವುದರಿಂದ ನಕಲಿ ಪುಟದಲ್ಲಿ ಕೆಲಸ ಮಾಡುವುದಿಲ್ಲ. 2022ರ ಜುಲೈನಲ್ಲಿ ಅಮೆರಿಕದ ಕ್ಲೌಡ್‌ಫ್ಲೇರ್ ಸಂಸ್ಥೆಯ ಮೂವರು ನೌಕರರು ವಂಚನೆಯ ಎಸ್‌ಎಂಎಸ್ ನಂಬಿ ಪಾಸ್‌ವರ್ಡ್ ನೀಡಿದ್ದರೂ, ಭದ್ರತಾ ಕೀಲಿ ಕಡ್ಡಾಯವಾಗಿದ್ದುದರಿಂದ ವಂಚಕರು ಒಳಪ್ರವೇಶಿಸಲಾಗಲಿಲ್ಲ. ಕೀಲಿಗಳ ಖರೀದಿಗೆ ವೆಚ್ಚವಾಗುತ್ತದೆ. ಡೊಮೇನ್ ಹೆಸರು ಬದಲಾದರೆ ಎಲ್ಲವನ್ನೂ ಮರುನೋಂದಾಯಿಸಬೇಕಾಗುತ್ತದೆ.

ಗಮನಿಸಬೇಕಾದ ಅಂಶವೆಂದರೆ, ವ್ಯವಸ್ಥೆಯ ಬಲವು ಅದರಲ್ಲಿರುವ ಅತ್ಯುತ್ತಮ ವಿಧಾನದಿಂದಲ್ಲ, ಅನುಮತಿಸಲಾದ ಅತಿ ದುರ್ಬಲ ವಿಧಾನದಿಂದ ನಿರ್ಧಾರವಾಗುತ್ತದೆ. ಪಾಸ್‌ಕೀ ಅಳವಡಿಸಿಯೂ ಎಸ್‌ಎಂಎಸ್ ಅನ್ನು ಪರ್ಯಾಯವಾಗಿ ಉಳಿಸಿದರೆ, ವಂಚಕರು ಆ ದಾರಿಯನ್ನೇ ಹಿಡಿಯುತ್ತಾರೆ. ಮೊಬೈಲ್ ಕಳೆದುಕೊಂಡೆನೆಂದು ದೂರವಾಣಿಯಲ್ಲಿ ಹೇಳಿದ ಮಾತ್ರಕ್ಕೆ ಹೊಸ ಪ್ರವೇಶ ನೀಡುವ ಪದ್ಧತಿಯೂ ಅಷ್ಟೇ ಅಪಾಯಕಾರಿ.

ಆದ್ದರಿಂದ ಆಡಳಿತಗಾರರು, ಲೆಕ್ಕಪತ್ರ ಹಾಗೂ ಪಾವತಿ ವಿಭಾಗದವರಿಗೆ ತಲಾ ಎರಡು ಭದ್ರತಾ ಕೀಲಿಗಳನ್ನು ನೀಡಿ, ಅನ್ಯ ವಿಧಾನಗಳನ್ನು ಮುಚ್ಚುವುದು ಲೇಸು. ಉಳಿದ ನೌಕರರಿಗೆ ಆ್ಯಪ್ ಒಟಿಪಿಯಿಂದ ಆರಂಭಿಸಿ, ಕ್ರಮೇಣ ಪಾಸ್‌ಕೀಗೆ ಬದಲಾಯಿಸಬಹುದು. ಸ್ವಂತ ಸರ್ವರ್ ಕೆಟ್ಟರೆ ಇಡೀ ಕಚೇರಿಯ ಕೆಲಸ ನಿಲ್ಲುವುದರಿಂದ, ಬ್ಯಾಕಪ್ ಹಾಗೂ ಲಕೋಟೆಯಲ್ಲಿ ಭದ್ರಪಡಿಸಿದ ಒಂದು ತುರ್ತು ಆಡಳಿತ ಖಾತೆ ಅವಶ್ಯಕ. ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿರಿಸುವ ಹೊಣೆಯೂ ಸಂಸ್ಥೆಯದೇ ಎಂಬುದನ್ನು ಉದ್ದಿಮೆದಾರರು ಮರೆಯಬಾರದು.