ಬೆಲ್ ಒತ್ತು, ಬುಟ್ಟಿ ಇಡು, ಓಡು!

ಅಕ್ಟೋಬರ್ ಬಂತೆಂದರೆ ಅಮೆರಿಕದ ಎಷ್ಟೋ ಬಡಾವಣೆಗಳಲ್ಲಿ ಕತ್ತಲಾದ ಮೇಲೆ ಒಂದು ಆಟ ಶುರುವಾಗುತ್ತದೆ. ಯಾರೋ ಬೆಲ್ ಒತ್ತುತ್ತಾರೆ. ಬಾಗಿಲು ತೆಗೆದರೆ ಆಸಾಮಿ ನಾಪತ್ತೆ, ಹೊಸ್ತಿಲ ಬಳಿ ಒಂದು ಬುಟ್ಟಿ. ಒಳಗೆ ಚಾಕಲೇಟು, ಕತ್ತಲಲ್ಲಿ ಹೊಳೆಯುವ ಕಡ್ಡಿ, ಪ್ಲಾಸ್ಟಿಕ್ ಜೇಡ, ಮೇಣದಬತ್ತಿ. ಜೊತೆಗೆ ಎರಡು ಹಾಳೆ. ದೆವ್ವದ ಚಿತ್ರವಿರುವ ಹಾಳೆಯನ್ನು ಬಾಗಿಲಿಗೆ ಅಂಟಿಸಬೇಕು. ಈ ಮನೆಗೆ ‘ಬೂ’ ಆಯಿತು ಎಂದು ಅದರ ಅರ್ಥ. ಇನ್ನೊಂದರಲ್ಲಿ ಪ್ರಾಸ ಕಟ್ಟಿ ಬರೆದ ನಿಯಮ: ಒಂದೆರಡು ದಿನದೊಳಗೆ ನೀವೂ ಎರಡು ಬುಟ್ಟಿ ಸಿದ್ಧಮಾಡಿ, ಚೀಟಿ ಅಂಟಿಸದ ಎರಡು ಮನೆ ನೋಡಿ, ಸಿಕ್ಕಿಬೀಳದಂತೆ ಇಟ್ಟು ಬನ್ನಿ.

ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ ಈ ‘ಬೂ ಬುಟ್ಟಿ’ ತೀರಾ ಹಳೆಯದಲ್ಲ. ಆದರೆ ಅದನ್ನು ಹೆಣೆದ ಒಂದೊಂದು ಎಳೆಗೂ ವಯಸ್ಸಾಗಿದೆ.

ಮೊದಲ ಎಳೆ ಸತ್ತವರದು. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ, 2 ಸಕಲ ಆತ್ಮಗಳ ದಿನ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ಹೊತ್ತಿಗೆ ಬಡವರು ಮನೆಮನೆಗೆ ಹೋಗಿ, ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸುವುದಾಗಿ ಹೇಳಿ, ಪ್ರತಿಯಾಗಿ ಸಣ್ಣ ಕೇಕು ಪಡೆಯುತ್ತಿದ್ದರು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಮಕ್ಕಳು ವೇಷ ಹಾಕಿ ಹೊರಡುತ್ತಿದ್ದರು. 1840ರ ದಶಕದ ಕ್ಷಾಮಕ್ಕೆ ಐರ್ಲೆಂಡ್ ಬಿಟ್ಟವರು ಹಡಗಿನಲ್ಲಿ ಈ ರೂಢಿಗಳನ್ನೂ ಅಮೆರಿಕಕ್ಕೆ ಒಯ್ದರು.

ಅಲ್ಲಿ ಹಬ್ಬ ಪುಂಡಾಟಕ್ಕೆ ತಿರುಗಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹುಡುಗರು ಹ್ಯಾಲೋವೀನ್ ರಾತ್ರಿ ಗೇಟು ಕಿತ್ತು ಒಯ್ಯುತ್ತಿದ್ದರು, ಕಿಟಕಿಗೆ ಸೋಪು ಬಳಿಯುತ್ತಿದ್ದರು. ಮಿನ್ನೆಸೋಟದ ಅನೋಕಾ ಊರಿನಲ್ಲಿ ಹಸುಗಳನ್ನೇ ಬಿಚ್ಚಿ ಪೇಟೆಬೀದಿಗೆ ಅಟ್ಟಿದ್ದರಂತೆ. ಊರ ಹಿರಿಯರು ಇದಕ್ಕೊಂದು ಉಪಾಯ ಹೂಡಿದರು. 1920ರಲ್ಲಿ ಮೆರವಣಿಗೆ ಏರ್ಪಡಿಸಿ ಹುಡುಗರಿಗೆ ಬೇರೆ ಕೆಲಸ ಹಚ್ಚಿದರು. ಮಕ್ಕಳು ಮನೆಮನೆಗೆ ಬಂದು ತಿಂಡಿ ಕೇಳುವ ‘ಟ್ರಿಕ್ ಆರ್ ಟ್ರೀಟ್’ ಬೆಳೆದದ್ದೂ ಇದೇ ಲೆಕ್ಕಾಚಾರದಲ್ಲಿ: ತಿಂಡಿ ಕೊಟ್ಟು ಕೀಟಲೆ ತಪ್ಪಿಸಿಕೊಳ್ಳುವುದು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದಾಗ ಅದಕ್ಕೆ ತಡೆ ಬಿತ್ತು. 1947ರಲ್ಲಿ ಪಡಿತರ ತೆಗೆದ ಮೇಲೆ, ಹೊಸದಾಗಿ ಎದ್ದ ಬಡಾವಣೆಗಳಲ್ಲಿ ಅದು ಮನೆಮನೆಯ ಪದ್ಧತಿಯಾಯಿತು.

ಎರಡನೆಯ ಎಳೆಯಾದ, ಬುಟ್ಟಿ ಇಟ್ಟು ಓಡುವ ಚಾಳಿಗೆ ಇನ್ನೊಂದು ಹಬ್ಬದಲ್ಲಿ ಪೂರ್ವಜ ಸಿಗುತ್ತದೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಮಕ್ಕಳು ಮೇ 1ರಂದು ಕಾಗದದ ಬುಟ್ಟಿಗೆ ಹೂವು, ಮಿಠಾಯಿ ತುಂಬಿ, ನೆರೆಮನೆಯ ಬಾಗಿಲಿಗೆ ನೇತುಹಾಕಿ, ಬಾಗಿಲು ಬಡಿದು ಓಡುತ್ತಿದ್ದರು. ಲೂಯಿಸಾ ಮೇ ಆಲ್ಕಾಟ್ 1880ರ ‘ಜ್ಯಾಕ್ ಆ್ಯಂಡ್ ಜಿಲ್’ ಕಾದಂಬರಿಯಲ್ಲಿ ಈ ಮೇ ಬುಟ್ಟಿಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ.

ಮೂರನೆಯ ಎಳೆ ಸರಪಳಿ ಪತ್ರ. ‘ಇದನ್ನು ಇಷ್ಟು ಜನರಿಗೆ ಬರೆದು ಹಾಕಿ, ಇಲ್ಲವಾದರೆ ಕೇಡು’ ಎಂದು ದೇವರ ಹೆಸರಿನಲ್ಲಿ ಬರುತ್ತಿದ್ದ ಪೋಸ್ಟ್‌ಕಾರ್ಡು ನಮ್ಮ ಹಿರಿಯರಿಗೆ ನೆನಪಿರಬಹುದು. ಬೂ ಬುಟ್ಟಿಯ ಹಾಳೆ ಅದರ ಸಾಧು ತಮ್ಮ. 1935ರಲ್ಲಿ ಡೆನ್ವರ್ ನಗರದಲ್ಲಿ ಒಂದು ಡೈಮ್ ನಾಣ್ಯ ಕಳಿಸಿದರೆ ಹಣದ ಹೊಳೆ ಹರಿಯುತ್ತದೆಂಬ ಸರಪಳಿ ಪತ್ರ ಹಬ್ಬಿ, ಅಂಚೆ ಕಚೇರಿ ಪತ್ರಗಳ ರಾಶಿಯಲ್ಲಿ ಹೂತುಹೋಗಿತ್ತು. ಬುಟ್ಟಿಯ ಗಣಿತವೂ ಅದೇ. ಒಂದು ಮನೆ ಶುರುಮಾಡಿದರೆ ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು: ಐದೇ ಸುತ್ತಿಗೆ 62 ಮನೆ. ಬಾಗಿಲ ಮೇಲಿನ ಚೀಟಿ ಬೇಕಾಗುವುದು ಇಲ್ಲೇ. ಅದಿಲ್ಲದಿದ್ದರೆ ಒಂದೇ ಮನೆಗೆ ಮತ್ತೆ ಮತ್ತೆ ಬುಟ್ಟಿ ಬೀಳುತ್ತದೆ.

ಬುಟ್ಟಿಯೊಳಗಿನ ಸಾಮಾನನ್ನು ನಿರ್ಧರಿಸಿದ್ದು ಮಾತ್ರ ಭಯ. ಹಿಂದೆ ಮಕ್ಕಳಿಗೆ ಮನೆಯಲ್ಲೇ ಕಟ್ಟಿದ ಪಾಪ್‌ಕಾರ್ನ್ ಉಂಡೆ, ಕುಕಿ, ಸೇಬು ಕೊಡುತ್ತಿದ್ದರು. 1974ರಲ್ಲಿ ಟೆಕ್ಸಾಸ್‌ನ ತಂದೆಯೊಬ್ಬ ವಿಮೆ ಹಣದ ಆಸೆಗೆ ಹ್ಯಾಲೋವೀನ್ ಮಿಠಾಯಿಯಲ್ಲಿ ಸಯನೈಡ್ ಬೆರೆಸಿ ಸ್ವಂತ ಮಗನನ್ನೇ ಕೊಂದ. 1982ರ ಹ್ಯಾಲೋವೀನ್‌ಗೆ ತಿಂಗಳಿರುವಾಗ ಶಿಕಾಗೋ ಸುತ್ತಮುತ್ತ ವಿಷ ಬೆರೆತ ಟೈಲೆನಾಲ್ ಎಂಬ ನೋವಿನ ಮಾತ್ರೆ ನುಂಗಿ ಏಳು ಜನ ಸತ್ತರು. ಅಪರಿಚಿತರು ಹ್ಯಾಲೋವೀನ್ ತಿಂಡಿಯಲ್ಲಿ ವಿಷವಿಟ್ಟು ಮಗುವೊಂದನ್ನು ಕೊಂದ ಪ್ರಕರಣ ಒಂದೂ ಸಿಗಲಿಲ್ಲವೆಂದು ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1985ರಲ್ಲಿ ಬರೆದರೂ ಹೆದರಿಕೆ ಇಳಿಯಲಿಲ್ಲ. ಒಡೆಯದ ಕಂಪನಿ ಪೊಟ್ಟಣವಷ್ಟೇ ಸುರಕ್ಷಿತ ಎಂಬ ನಿಯಮ ಗಟ್ಟಿಯಾಯಿತು. 2014ರಿಂದ ಕಡಲೆಕಾಯಿಯಂಥ ಅಲರ್ಜಿ ಇರುವ ಮಕ್ಕಳಿಗಾಗಿ ನೀಲಿಹಸಿರು ಕುಂಬಳಕಾಯಿಯ ಅಭಿಯಾನವೂ ದೇಶದಾದ್ಯಂತ ನಡೆದು, ಕೆಲವೆಡೆ ತಿಂಡಿಯ ಜಾಗಕ್ಕೆ ಪೆನ್ಸಿಲ್, ಸ್ಟಿಕರ್ ಬಂದವು.

ಅಲ್ಲಿನ ಕನ್ನಡದ ಮನೆಗಳಿಗೆ ಇದು ಇಕ್ಕಟ್ಟಿನ ವಿಷಯ. 2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ರಂದೇ ಬಂತು. ಡಬ್ಬಿಯಲ್ಲಿ ಚಕ್ಕುಲಿ, ಕೊಬ್ಬರಿ ಮಿಠಾಯಿ ಇದ್ದರೂ ಹೆಸರು ಹೇಳದ ಬುಟ್ಟಿಗೆ ಅವನ್ನು ಹಾಕುವಂತಿಲ್ಲ. ಅವನ್ನು ಕೊಡಬೇಕಾದರೆ ಬೆಲ್ ಒತ್ತಿ ನಿಂತು, ಏನೇನು ಹಾಕಿ ಮಾಡಿದ್ದೆಂದು ಹೇಳಿಯೇ ಕೊಡಬೇಕು.

2020ರಲ್ಲಿ ಕೋವಿಡ್ ಕಾಲಕ್ಕೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮನೆಮನೆ ಸುತ್ತುವುದನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿತು. ಪ್ರತ್ಯೇಕವಾಗಿ ಕಟ್ಟಿದ ಪೊಟ್ಟಣಗಳನ್ನು ಹೊರಗಿಟ್ಟು ದೂರ ನಿಲ್ಲುವುದನ್ನು ಮಧ್ಯಮ ಅಪಾಯದ ಪಟ್ಟಿಗೆ. ಮುಖ ತೋರಿಸದೆ ಕೊಡುವ ಬುಟ್ಟಿ ಆ ಕಾಲಕ್ಕೆ ಹೇಳಿ ಮಾಡಿಸಿದಂತಿತ್ತು.

ಈ ಏರ್ಪಾಡಿನಲ್ಲಿ ಒಂದು ತೂತಿದೆ. ಎರಡು ಮನೆ ಆರಿಸಿ ಎಂದರೆ ಜನ ಗುರುತಿದ್ದ ಮನೆಯನ್ನೇ ಆರಿಸುತ್ತಾರೆ. ಸಣ್ಣ ಮಕ್ಕಳಿರುವ ಮನೆಗೆ ಬುಟ್ಟಿ ಬೇಗ ತಲುಪುತ್ತದೆ. ಒಂಟಿ ವೃದ್ಧರ ಮನೆ, ಮೊನ್ನೆಯಷ್ಟೇ ಬಾಡಿಗೆಗೆ ಬಂದವರ ಮನೆ ಚೀಟಿಯಿಲ್ಲದೆ ಉಳಿಯುತ್ತವೆ. ಹಾಗೆಂದು ನಿಯಮ ಬದಲಿಸಬೇಕಿಲ್ಲ. ಮೊದಲ ಬುಟ್ಟಿ ಗೆಳೆಯರಿಗಿರಲಿ, ಎರಡನೆಯದು ಹೆಸರು ಗೊತ್ತಿಲ್ಲದ ಬಾಗಿಲಿಗೆ ಹೋದರೆ ಸಾಕು.