ಕಾರಿನ ಒಳಗೂ ಕಾವಲುಗಾರ ಬೇಕು

ಇಂಜಿನಿಯರಿಂಗ್ ಮುಗಿಸಿದ ಮಗಳು "ಕಾರುಗಳ ಸೈಬರ್ ಸುರಕ್ಷತೆಯಲ್ಲಿ ಕೆಲಸ ಸಿಕ್ಕಿದೆ" ಎಂದರೆ ಮನೆಯ ಹಿರಿಯರಿಗೆ ಗೊಂದಲವಾಗುವುದು ಸಹಜ. ಸೈಬರ್ ಎಂದರೆ ಬ್ಯಾಂಕು, ಎಟಿಎಂ ಎಂದಷ್ಟೇ ನಾವು ಕೇಳಿದ್ದು. ಕಾರಿಗೂ ಅದಕ್ಕೂ ಏನು ಸಂಬಂಧ?

ಇಂದಿನ ಕಾರಿನಲ್ಲಿ ಇಂಜಿನ್, ಬ್ರೇಕ್, ಏರ್‌ಬ್ಯಾಗ್ ಮುಂತಾದವುಗಳನ್ನು ನೋಡಿಕೊಳ್ಳಲು ಪುಟ್ಟ ಪುಟ್ಟ ಕಂಪ್ಯೂಟರುಗಳಿವೆ. ಒಂದರಿಂದ ಇನ್ನೊಂದಕ್ಕೆ ಬೇರೆ ಬೇರೆ ವಯರ್ ಎಳೆದರೆ ಭಾರವೂ ಹೆಚ್ಚು, ಖರ್ಚೂ ಹೆಚ್ಚು. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಇದಕ್ಕೆ 'ಕ್ಯಾನ್' ಎಂಬ ಪರಿಹಾರವನ್ನು ಮುಂದಿಟ್ಟಿತು. ಹೆಣೆದ ಎರಡು ವಯರುಗಳ ಮೇಲೆ ಎಲ್ಲ ಕಂಪ್ಯೂಟರುಗಳೂ ಸಂದೇಶ ಕಳುಹಿಸುತ್ತವೆ, ಎಲ್ಲವೂ ಕೇಳಿಸಿಕೊಳ್ಳುತ್ತವೆ. ಸಂದೇಶ ಯಾವುದರ ಬಗ್ಗೆ, ಎಷ್ಟು ತುರ್ತು ಎಂಬುದು ಅದರಲ್ಲೇ ಇರುತ್ತದೆ. ಕಳುಹಿಸಿದ್ದು ಯಾರು ಎಂಬುದಕ್ಕೆ ಮಾತ್ರ ಗುರುತಿಲ್ಲ. ಒಂದೇ ಮನೆಯವರು ಊಟದ ಮೇಜಿನಲ್ಲಿ ಮಾತನಾಡುವಾಗ ಗುರುತಿನ ಚೀಟಿ ಕೇಳುವುದುಂಟೇ? ಹೊರಗಿನವರು ಒಳಗೆ ಬರುವ ದಾರಿಯೇ ಆಗ ಇರಲಿಲ್ಲ. ಕಾರಿಗೆ ಮೊಬೈಲ್ ಸಂಪರ್ಕ ಬಂದ ಮೇಲೆ ದಾರಿ ತೆರೆಯಿತು.

ಇದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರಲ್ಲಿ ಪ್ರಮುಖರು ಅಮೆರಿಕದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್. ಇಬ್ಬರೂ ಆಟೋಮೊಬೈಲ್ ಓದಿದವರಲ್ಲ. ಮಿಲ್ಲರ್ ಅವರದು ನೋತ್ರ್ ದಾಮ್ ಕ್ಯಾಥೋಲಿಕ್ ವಿಶ್ವವಿದ್ಯಾಲಯದ ಗಣಿತದ ಡಾಕ್ಟರೇಟ್. 2013ರಲ್ಲಿ ಇವರು ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿ, ಹಿಂದಿನ ಸೀಟಿನಲ್ಲಿ ಕುಳಿತು ಫೋರ್ಡ್ ಮತ್ತು ಟೊಯೋಟಾ ಕಾರುಗಳ ಬ್ರೇಕ್, ಸ್ಟಿಯರಿಂಗ್‌ಗಳನ್ನು ಆಡಿಸಿ ತೋರಿಸಿದರು. ಕಾರಿನೊಳಗೇ ಕುಳಿತು ಮಾಡಿದ್ದಲ್ಲವೇ ಎಂದು ಉದ್ಯಮ ಅದನ್ನು ಹಗುರವಾಗಿ ಕಂಡಿತು.

2015ರ ಜುಲೈಯಲ್ಲಿ ಆ ಸಮಾಧಾನವೂ ಉಳಿಯಲಿಲ್ಲ. ಸೈಂಟ್ ಲೂಯಿಸ್ ನಗರದ ಹೆದ್ದಾರಿಯಲ್ಲಿ ಪತ್ರಕರ್ತ ಆಂಡಿ ಗ್ರೀನ್‌ಬರ್ಗ್ ಗಂಟೆಗೆ ಸುಮಾರು 110 ಕಿ.ಮೀ. ವೇಗದಲ್ಲಿ ಜೀಪ್ ಚೆರೋಕಿ ಓಡಿಸುತ್ತಿದ್ದರು. ಸುಮಾರು 16 ಕಿ.ಮೀ. ದೂರದ ಮನೆಯಲ್ಲಿ ಕುಳಿತಿದ್ದ ಇವರಿಬ್ಬರು ಮೊದಲು ಎ.ಸಿ., ನಂತರ ರೇಡಿಯೋ, ವೈಪರ್‌ಗಳನ್ನು ತಮ್ಮ ವಶ ಮಾಡಿಕೊಂಡು, ಕೊನೆಗೆ ಆಕ್ಸಿಲರೇಟರೇ ಕೆಲಸ ಮಾಡದಂತೆ ಮಾಡಿದರು. ಪ್ರವೇಶ ದೊರೆತದ್ದು ಹಾಡು ಕೇಳುವ ಪರದೆಯ ಮೂಲಕ. ಅದಕ್ಕೆ ಬ್ರೇಕಿನೊಂದಿಗೆ ನೇರವಾಗಿ ಮಾತನಾಡುವ ಅಧಿಕಾರವಿರಲಿಲ್ಲ; ಆದರೆ ಪಕ್ಕದ ಚಿಪ್‌ಗೆ ಇತ್ತು. ಆ ಚಿಪ್ಪಿನ ಸಾಫ್ಟ್‌ವೇರನ್ನು ಬದಲಿಸುವುದೇ ನಿಜವಾದ ಕಷ್ಟದ ಕೆಲಸವಾಗಿತ್ತು. ಜನ ಓಡಾಡುವ ರಸ್ತೆಯಲ್ಲಿ ಈ ಪ್ರಯೋಗ ಮಾಡಿದ್ದು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ. ಆದರೂ ಕಂಪನಿಗೆ ತಿಂಗಳುಗಳ ಮೊದಲೇ ವಿಷಯ ತಿಳಿಸಿದ್ದರು ಎಂಬುದನ್ನು ಹೇಳಲೇಬೇಕು. ವರದಿ ಬಂದ ಕೆಲವೇ ದಿನಗಳಲ್ಲಿ 14 ಲಕ್ಷ ವಾಹನಗಳನ್ನು ಸರಿಪಡಿಸಲು ಆದೇಶ ಹೊರಟಿತು, ಮಾಲೀಕರಿಗೆ ಯು.ಎಸ್.ಬಿ. ಡ್ರೈವ್‌ಗಳನ್ನು ಅಂಚೆಯಲ್ಲಿ ಕಳುಹಿಸಲಾಯಿತು. ಅದೇ ವರ್ಷ ಇಬ್ಬರೂ ಉಬರ್ ಸೇರಿ, 2017ರಲ್ಲಿ ಚಾಲಕರಹಿತ ಕಾರುಗಳ ಕ್ರೂಸ್ ಸಂಸ್ಥೆಗೆ ಹೋದರು.

ಇಂದು ಇದು ಕಾನೂನಿನ ವಿಷಯವೂ ಹೌದು. ಕಾರಿನ ಸೈಬರ್ ಸುರಕ್ಷತೆಗೆಂದೇ ಐ.ಎಸ್.ಓ. 21434 ಮಾನದಂಡ 2021ರಲ್ಲಿ ಬಂತು. ವಿಶ್ವಸಂಸ್ಥೆಯ ಆರ್.155 ನಿಯಮ ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೆ ಅನ್ವಯ. ಹಾಗಾಗಿ ಕಳ್ಳ ಎಲ್ಲಿಂದ ಬರಬಹುದೆಂದು ವಿನ್ಯಾಸದ ಹಂತದಲ್ಲೇ ಲೆಕ್ಕ ಹಾಕುವುದು, ಹಾಡಿನ ಪರದೆಗೂ ಬ್ರೇಕಿಗೂ ನಡುವೆ ಕಾವಲು ನಿಲ್ಲಿಸುವುದು, ಸಂದೇಶಕ್ಕೆ ರಹಸ್ಯ ಮುದ್ರೆ ಒತ್ತುವುದು, ತಾವೇ ಕಳ್ಳರಾಗಿ ಪರೀಕ್ಷಿಸುವುದು ಒಂದು ಪೂರ್ಣ ಉದ್ಯೋಗವಾಗಿದೆ. ಬಾಷ್ ಮತ್ತು ಮರ್ಸಿಡಿಸ್ ಕಂಪನಿಗಳ ದೊಡ್ಡ ತಾಂತ್ರಿಕ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದುವವರು ಕೋಡಿಂಗ್ ಕಲಿಯಲಿ. ಕಂಪ್ಯೂಟರ್ ಸಯನ್ಸ್‌ನವರು ವಯರಿಂಗ್ ನಕ್ಷೆ ಓದಲು ಕಲಿಯಲಿ.

ಕಾರು ಇರುವ ಓದುಗರಿಗೆ ಒಂದು ಮಾತು: ಸಾಫ್ಟ್‌ವೇರ್ ಸರಿಪಡಿಸಲು ಬನ್ನಿ ಎಂದು ಕಂಪನಿಯಿಂದ ಪತ್ರ ಬಂದರೆ, ಕಾರು ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂದು ಬದಿಗಿಡಬೇಡಿ.